ಪಾರ್ಲರಿನಲ್ಲಿ ವಿಗ್ ಕೆಲಸ ಶುರು ಮಾಡಿದ್ದು: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಚಿಕ್ಕ ಲೇಡೀಸ್ ಪಾರ್ಲರ್ ಇದೆ. ಐಬ್ರೋ, ಫೇಶಿಯಲ್, ಹೇರ್‌ಕಟ್, ಕಲರ್, ಸೀಸನ್ನಿನಲ್ಲಿ ಮದುಮಗಳ ಮೇಕಪ್. ಈಗ ಇದರ ಜೊತೆ ವಿಗ್ ಮತ್ತು ಟಾಪರ್ (ನೆತ್ತಿಯ ಮೇಲಷ್ಟೇ ಕ್ಲಿಪ್ ಹಾಕಿ ಕೂರಿಸುವ ಚಿಕ್ಕ ವಿಗ್) ಕೆಲಸವೂ ಸೇರಿದೆ. ಪಾರ್ಲರ್ ನಡೆಸುವ ಗೆಳತಿಯರು ಇದರಲ್ಲಿ ದುಡ್ಡಿದೆಯಾ ಎಂದು ಕೇಳುತ್ತಿರುತ್ತಾರೆ. ದುಡ್ಡಿದೆ. ಆದರೆ ವಿಗ್ ಮಾರಿ ಸಿಗುವುದು ಕಡಿಮೆ, ಆಮೇಲಿನ ಕೆಲಸದಲ್ಲಿ ಸಿಗುವುದು ಜಾಸ್ತಿ. ಬರೀ ಮಾರುವುದಾದರೆ ಮೊಬೈಲಿನಲ್ಲೇ ನೂರು ಅಂಗಡಿಗಳಿವೆ. ಅಲ್ಲಿ ಕೊಂಡದ್ದನ್ನು ತಲೆಗೆ ಕೂರಿಸಿ, ಮುಖಕ್ಕೆ ತಕ್ಕ ಹಾಗೆ ಕತ್ತರಿಸಿ, ತೊಳೆದು ಕೊಡುವವರು ಯಾರು? ಅದು ನಮ್ಮಂಥವರ ಕೆಲಸ.

ನನ್ನನ್ನು ಈ ಕಡೆ ಎಳೆದವರು ಎರಡು ಥರದ ಗಿರಾಕಿಗಳು. ಒಂದು, ನಲವತ್ತು ದಾಟಿ ಬೈತಲೆ ಅಗಲವಾಗುತ್ತಾ ಬಂದವರು. ಇನ್ನೊಂದು, ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರಿನಿಂದ ಬಂದವರು. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರು ಎಷ್ಟೋ ಜನ ಡೊಂಬಿವಲಿ, ಕಲ್ಯಾಣ, ಠಾಣೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿದು, ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ಕೀಮೋಗೆ ಹೋಗಿ ಬರುತ್ತಾರೆ. ಕನ್ನಡ ಮಾತಾಡುವ ಪಾರ್ಲರ್ ಎಂದು ಯಾರೋ ಹೇಳಿ ಕಳಿಸುತ್ತಾರೆ. ಮರಾಠಿ, ಹಿಂದಿ ಬಾರದ ಒಬ್ಬ ಹೆಂಗಸು ತನ್ನ ಕೂದಲಿನ ಸಂಕಟವನ್ನು ತನ್ನದೇ ಮಾತಿನಲ್ಲಿ ಹೇಳಿಕೊಳ್ಳುವಾಗ ಅವಳ ಮುಖ ನೋಡಬೇಕು.

ಮೊದಲು ನಾನು ಕಲಿತದ್ದು ಮಾಲಿನ ಬಗ್ಗೆ. ಸಿಂಥೆಟಿಕ್ ವಿಗ್ ಕೆಲವು ಸಾವಿರಕ್ಕೆ ಸಿಗುತ್ತದೆ. ದಿನಾ ಹಾಕಿದರೆ ನಾಲ್ಕಾರು ತಿಂಗಳಲ್ಲಿ ತುದಿ ಸಿಕ್ಕಾಗಿ ಹಾಳಾಗುತ್ತದೆ. ಮನುಷ್ಯರ ಕೂದಲಿನದ್ದು ಅದರ ಹಲವು ಪಟ್ಟು ದುಬಾರಿ, ಆದರೆ ಚೆನ್ನಾಗಿ ನೋಡಿಕೊಂಡರೆ ವರ್ಷದ ಮೇಲೂ ಬಾಳುತ್ತದೆ. ಅದರಲ್ಲೂ ಎರಡು ಜಾತಿ. ತಿರುಪತಿಯಂಥ ಕಡೆ ಮುಡಿ ಕೊಟ್ಟ ಕೂದಲು ಬುಡ ಒಂದು ಕಡೆ, ತುದಿ ಒಂದು ಕಡೆ ಹಾಗೇ ಇರುತ್ತದೆ. ವ್ಯಾಪಾರದವರು ಅದನ್ನು ರೆಮಿ ಎನ್ನುತ್ತಾರೆ. ಬಾಚುವಾಗ ಉದುರಿದ್ದನ್ನು ಉಂಡೆ ಮಾಡಿಟ್ಟು ಪಾತ್ರೆಯವನಿಗೋ ಪಿನ್ನಿನವನಿಗೋ ಕೊಡುತ್ತೇವಲ್ಲ, ಆ ಕೂದಲಿನಲ್ಲಿ ಬುಡ ತುದಿ ಕಲೆಸಿಹೋಗಿರುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ಅಳತೆ ಪ್ರಕಾರ ವಿಂಗಡಿಸುವುದೇ ಎಷ್ಟೋ ಮನೆಗಳ ಕಸುಬು. ಬುಡ ತುದಿ ಬೆರೆತ ಕೂದಲಿಗೆ ರಾಸಾಯನಿಕ ಹಾಕಿ, ಮೇಲೆ ಸಿಲಿಕೋನ್ ಲೇಪಿಸಿದರೆ ಅಂಗಡಿಯಲ್ಲಿ ರೇಷ್ಮೆಯಂತೆ ಹೊಳೆಯುತ್ತದೆ. ಒಂದಷ್ಟು ಸಲ ತೊಳೆದ ಮೇಲೆ ಸಿಕ್ಕಾಗಲು ಶುರು. ನಾನು ಕೊಳ್ಳುವ ಮೊದಲು ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬುಡಕ್ಕೆ ಎಳೆದು ನೋಡುತ್ತೇನೆ. ಕೂದಲಿನ ಹೊರಪದರ ಹಾಗೇ ಉಳಿದಿದ್ದರೆ ಆ ದಿಕ್ಕಿನಲ್ಲಿ ಸ್ವಲ್ಪ ತಡೆಯಬೇಕು. ಎರಡೂ ಕಡೆ ಒಂದೇ ಸಮ ಜಾರಿದರೆ ಯಾಕೆ ಎಂದು ಮಾರುವವನನ್ನು ಕೇಳಬೇಕು.

ಸ್ಟಾಕ್ ತುಂಬಿಡಬೇಡಿ. ಗಾಲಾ (ಅಂಗಡಿ ಮಳಿಗೆ) ಬಾಡಿಗೆ ಕೊಟ್ಟು ಕಪಾಟಿನಲ್ಲಿ ವಿಗ್ ಇಟ್ಟುಕೊಂಡು ಕೂರುವುದು ನಮ್ಮಂಥವರಿಗೆ ಆಗುವ ಮಾತಲ್ಲ. ನನ್ನ ಹತ್ತಿರ ಇರುವುದು ತೋರಿಸಲು ಬೇಕಾದ ನಾಲ್ಕಾರು ಮಾದರಿ, ಬೇರೆ ಬೇರೆ ಬಣ್ಣದ ಕೂದಲಿನ ಮಾದರಿ ಪೋಣಿಸಿದ ಒಂದು ಕಲರ್ ರಿಂಗ್, ಅಳತೆ ಟೇಪು. ಉಳಿದದ್ದೆಲ್ಲ ಅಡ್ವಾನ್ಸ್ ತೆಗೆದುಕೊಂಡು ತರಿಸುವುದು. ಕತ್ತರಿ ಹಾಕಿದ ಮೇಲೆ ವಾಪಸ್ ಇಲ್ಲ ಎಂದು ಮೊದಲೇ ಬರೆದು ಕೊಡುತ್ತೇನೆ. ಖರ್ಚು ಮಾಡಿದ್ದು ಒಂದು ಕಡೆ ಮಾತ್ರ. ಒಳಗಿನ ಮೂಲೆಗೆ ಗಟ್ಟಿ ಪಾರ್ಟಿಶನ್, ಬಾಗಿಲು, ಒಳಗೊಂದು ಕನ್ನಡಿ. ಪರದೆ ಸಾಲದು. ಗಾಳಿಗೆ ಪರದೆ ಸರಿದರೆ ತಲೆ ತೆರೆದು ಕೂತವರ ಜೀವ ಹಾರಿಹೋಗುತ್ತದೆ.

ಕೀಮೋ ಶುರುವಾಗುವ ಮೊದಲೇ ಬಂದರೆ ಕೆಲಸ ಅರ್ಧ ಸುಲಭ. ಎಲ್ಲ ಔಷಧಿಗೂ ಕೂದಲು ಉದುರುವುದಿಲ್ಲ, ಅದಕ್ಕೇ ಡಾಕ್ಟರನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಉದುರುವುದಾದರೆ ಸಾಮಾನ್ಯವಾಗಿ ಮೊದಲ ಡೋಸಿನ 2–3 ವಾರದಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಒಂದು ಚಿಕ್ಕ ಎಳೆ ಕತ್ತರಿಸಿ ಇಟ್ಟುಕೊಂಡರೆ ಬಣ್ಣ ಹೊಂದಿಸಬಹುದು. ನಮ್ಮ ಕೂದಲು ಕಪ್ಪು ಅಂದುಕೊಂಡಿರುತ್ತೇವೆ. ಬಿಸಿಲಿಗೆ ಹಿಡಿದರೆ ಹೆಚ್ಚಿನವರದ್ದು ಗಾಢ ಕಂದು. ಕಡುಗಪ್ಪು ವಿಗ್ ಹಾಕಿದರೆ ದೂರದಿಂದಲೇ ಗೊತ್ತಾಗಿಬಿಡುತ್ತದೆ. ಉದುರಲು ಶುರುವಾದ ಮೇಲೆ ಗಿಡ್ಡ ಮಾಡಲು ರೇಜರ್ ಮುಟ್ಟುವುದಿಲ್ಲ, ಟ್ರಿಮ್ಮರ್ ಮಾತ್ರ. ಕೀಮೋ ನಡೆಯುವಾಗ ಸಣ್ಣ ಗಾಯವೂ ಸೋಂಕಿಗೆ ದಾರಿ. ಮುತ್ತೈದೆ ತಲೆಗೆ ಮಷಿನ್ ಇಡುವುದಾ ಎಂದು ಮನೆಯ ಹಿರಿಯರು ತಡೆಯುವುದುಂಟು. ಆಗ ನಾನು ಒತ್ತಾಯ ಮಾಡುವುದಿಲ್ಲ, ಕತ್ತರಿಯಲ್ಲೇ ಆದಷ್ಟು ಗಿಡ್ಡ ಮಾಡಿ ಹತ್ತಿಯ ಟೋಪಿ ಹಾಕಿ ಕಳಿಸುತ್ತೇನೆ.

ಅಳತೆಯಲ್ಲಿ ಮುಖ್ಯವಾದದ್ದು ತಲೆಯ ಸುತ್ತಳತೆ. ಹಣೆಯ ಕೂದಲಂಚಿನಿಂದ ಕಿವಿಯ ಮೇಲೆ ಹಾದು ಕತ್ತಿನ ಹಿಂದಕ್ಕೆ. ಹೆಚ್ಚಿನ ಹೆಂಗಸರದ್ದು 21.5ರಿಂದ 22.5 ಇಂಚು. ಆಮೇಲೆ ಹಣೆಯಿಂದ ಕತ್ತಿನವರೆಗೆ, ಕಿವಿಯಿಂದ ಕಿವಿಗೆ.

ಕಟಿಂಗ್ ಗೊತ್ತಿರುವ ಕೈಗೆ ವಿಗ್ ಕಟಿಂಗ್ ಹೊಸದೇನಲ್ಲ, ಆದರೆ ಇಲ್ಲಿ ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ವಿಗ್ಗನ್ನು ಅವರ ತಲೆಯ ಮೇಲೆಯೇ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತೇನೆ. ರೆಡಿಮೇಡ್ ವಿಗ್ಗಿನಲ್ಲಿ ಕೂದಲು ಯಾವಾಗಲೂ ಜಾಸ್ತಿ. ಹಣೆಯ ಅಂಚಿನಲ್ಲೂ ಬೈತಲೆಯಲ್ಲೂ ಚಿಮುಟದಿಂದ ಒಂದೊಂದೇ ಎಳೆ ಕಿತ್ತು ತೆಳ್ಳಗೆ ಮಾಡಬೇಕು. ಇದಕ್ಕೆ ತಾಳ್ಮೆ ಬೇಕು, ಕೂಲಿಯನ್ನೂ ಅದಕ್ಕೆ ತಕ್ಕಂತೆ ಕೇಳಬೇಕು.

ವಿಜಯಪುರ ಕಡೆಯ ಒಬ್ಬ ಅಮ್ಮನನ್ನು ಮಗಳು ಕರೆತಂದಿದ್ದಳು. ಅಮ್ಮ ಕನ್ನಡಿ ನೋಡಲು ಒಪ್ಪಲೇ ಇಲ್ಲ. ಪಕ್ಕ ಬೈತಲೆಯ ವಿಗ್ ಅದು. ತಲೆಗಿಟ್ಟ ಮೇಲೆ ಬೆರಳಿಂದ ಮುಟ್ಟಿ ನೋಡಿಕೊಂಡು, "ನಂದು ನಡು ಬೈತಲಿ ಐತ್ರಿ" ಎಂದರು. ಮೇಲ್ಭಾಗ ಮೊನೊ ಬೇಸ್, ಅಂದರೆ ಎಳೆಗಳನ್ನು ಒಂದೊಂದಾಗಿ ಕಟ್ಟಿದ ತೆಳು ಬಲೆ, ಇದ್ದದ್ದರಿಂದ ಬೈತಲೆಯನ್ನು ಎಲ್ಲಿ ಬೇಕಾದರೂ ತೆಗೆಯಬಹುದಿತ್ತು. ಒದ್ದೆ ಮಾಡಿ ನಡುವೆ ತೆಗೆದು ಕೂರಿಸಿದೆ. ಆಗ ಕನ್ನಡಿ ಕಡೆ ತಿರುಗಿ, "ಇದಕ್ಕ ಹೂ ಮುಡಿಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದರು. ಪಿನ್ನು ಚುಚ್ಚಿದರೆ ಬಲೆ ಹರಿಯುತ್ತದೆ. ಅದಕ್ಕೆ ಹಿಂಬದಿಯ ಹೊಲಿಗೆಪಟ್ಟಿಗೆ ಕಪ್ಪು ದಾರದ ಒಂದು ಕುಣಿಕೆ ಹೊಲಿದು, ಗಜರಾ ಅದರಲ್ಲಿ ತೂರಿಸಿ ತೋರಿಸಿದೆ. ಈಗ ಹೂ ಮುಡಿಯುವವರಿಗೆಲ್ಲ ಆ ಕುಣಿಕೆ ಹೊಲಿದೇ ಕೊಡುತ್ತೇನೆ. ಬೈತಲೆಗೆ ಸಿಂಧೂರ ಇಡುವವರಿಗೆ ಮಾತ್ರ ಮೊದಲೇ ಹೇಳುತ್ತೇನೆ, ವಿಗ್ಗಿನ ಬಲೆಗೆ ಬಣ್ಣ ಹತ್ತಿದರೆ ಪೂರ್ತಿ ಹೋಗುವುದಿಲ್ಲ ಎಂದು.

ಎಲ್ಲರಿಗೂ ಮಾರಬಾರದು. ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಉದುರುತ್ತಿದೆ ಎಂದು ಗಾಬರಿಯಾಗಿ ಬರುತ್ತಾರೆ. ಅದು ಹೆಚ್ಚಾಗಿ ತಾನೇ ಸರಿಹೋಗುತ್ತದೆ, ಟಾಪರಿನ ಕ್ಲಿಪ್ ಹಾಕಿ ಎಳೆದರೆ ಇದ್ದದ್ದೂ ಹೋಗುತ್ತದೆ. ರೂಪಾಯಿ ಬಿಲ್ಲೆಯ ಹಾಗೆ ಅಲ್ಲಲ್ಲಿ ಬೋಳಾಗಿದ್ದರೆ ಮೊದಲು ಚರ್ಮದ ಡಾಕ್ಟರು, ಆಮೇಲೆ ನಾನು. ನಾನು ಹಾಗೆ ಮಾರದೆ ವಾಪಸ್ ಕಳಿಸಿದವರೇ ಬೇರೆ ನಾಲ್ಕು ಜನರನ್ನು ಕರೆತಂದಿದ್ದಾರೆ.

ಇನ್ನು ಮುಂಬೈ ಮಳೆಗಾಲ. ಬೆವರು, ತೇವ, ಲೋಕಲ್ ಬಾಗಿಲಿನ ಗಾಳಿ, ಮೂರೂ ವಿಗ್ಗಿಗೆ ಶತ್ರು. ಒಳಗೆ ತೆಳು ಹತ್ತಿಯ ಕ್ಯಾಪ್ ಹಾಕಲೇಬೇಕು, ಅದು ಬೆವರು ಹೀರುತ್ತದೆ, ಸೆರಗು ಹೊದ್ದರೂ ವಿಗ್ ಜಾರುವುದಿಲ್ಲ. ಒದ್ದೆ ವಿಗ್ಗನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ತೊಳೆದ ಮೇಲೆ ಹಿಂಡದೆ ಟವೆಲಿನಲ್ಲಿ ಒತ್ತಿ, ಸ್ಟ್ಯಾಂಡಿನ ಮೇಲೆ ಫ್ಯಾನ್ ಗಾಳಿಗೆ ಒಣಗಿಸಬೇಕು. ಬಾಚುವುದು ತುದಿಯಿಂದ ಮೇಲಕ್ಕೆ. ಸಿಂಥೆಟಿಕ್ ಹಾಕಿಕೊಂಡು ಒಲೆ ಮುಂದೆ ರೊಟ್ಟಿ ಬೇಯಿಸಬೇಡಿ, ಝಳಕ್ಕೆ ಮುಂಗೂದಲು ಸುಕ್ಕುಗಟ್ಟಿಬಿಡುತ್ತದೆ.

ಬಿಲ್ಲನ್ನು ನಾನು ಬಿಡಿಸಿ ಬರೆಯುತ್ತೇನೆ: ವಿಗ್ಗಿನ ಬೆಲೆ ಬೇರೆ, ಫಿಟಿಂಗ್ ಮತ್ತು ಕಟಿಂಗ್ ಬೇರೆ, ವಾಶ್ ಬೇರೆ. ಬೇರೆ ಕಡೆ ಕೊಂಡ ವಿಗ್ ತಂದರೂ ಅದೇ ಕೂಲಿಗೆ ಮಾಡಿಕೊಡುತ್ತೇನೆ. ಕೊಳ್ಳಲು ಆಗದವರಿಗೆ ದಾನದ ಕೂದಲಿನಿಂದ ವಿಗ್ ಮಾಡಿಸಿ ಉಚಿತವಾಗಿ ಕೊಡುವ ಟ್ರಸ್ಟುಗಳು ಮುಂಬೈಯಲ್ಲೇ ಇವೆ, ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ ಎಂದು ಹೇಳುತ್ತೇನೆ. ಹಾಗೆ ಸಿಕ್ಕ ವಿಗ್ ತಂದವರಿಗೆ ಕಟಿಂಗ್ ಕೂಲಿ ತೆಗೆದುಕೊಳ್ಳುವುದಿಲ್ಲ.