ಒಡೆದ ಹಡಗುಗಳನ್ನು ಹಳೆ ಪತ್ರಿಕೆಗಳಲ್ಲಿ ಹುಡುಕುವುದು: ನನ್ನ ಅನುಭವ

ಮೆಲ್ಬರ್ನ್‌ಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು ಇದು. 19ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಒಡೆದುಹೋದ ಹಡಗುಗಳ ಕಥೆಯನ್ನು ಆ ಕಾಲದ ಪತ್ರಿಕೆಗಳಲ್ಲೇ ಓದುತ್ತೇನೆ, ಒಂದು ಕಾಗದಕ್ಕೆ ಇನ್ನೊಂದನ್ನು ತಾಳೆ ಹಾಕಿ ನೋಡುತ್ತೇನೆ. ಇತಿಹಾಸ ಓದಿದವನಲ್ಲ ನಾನು. ಹಗಲು ಆಫೀಸು, ರಾತ್ರಿ ಊಟ ಮುಗಿದ ಮೇಲೆ ಇದು. ಹೇಗೆ ಮಾಡ್ತೀರಿ ಅಂತ ಇಲ್ಲಿನ ಕೆಲವು ಗೆಳೆಯರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಮುದ್ರದಲ್ಲಿ ಕಂಬಗಳಂತೆ ನಿಂತಿರುವ ಟ್ವೆಲ್ವ್ ಅಪಾಸಲ್ಸ್ ಬಂಡೆಗಳನ್ನು ನೋಡಲು ಹೋದವರೆಲ್ಲ ಪಕ್ಕದ ಲಾಕ್ ಆರ್ಡ್ ಗಾರ್ಜ್‌ಗೂ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಮರಿಗೆ ಹೆಸರು ಕೊಟ್ಟ ಹಡಗು 1878ರ ಜೂನ್ 1ರ ಬೆಳಗಿನ ಜಾವ ಮಟನ್ ಬರ್ಡ್ ದ್ವೀಪದ ಬಂಡೆಗೆ ಬಡಿದು ಮುಳುಗಿತು. ಹಡಗಿನಲ್ಲಿದ್ದವರು 54 ಜನ, ಉಳಿದವರು ಇಬ್ಬರು. ಟಾಮ್ ಪಿಯರ್ಸ್ ಎಂಬ ಅಪ್ರೆಂಟಿಸ್ ಹುಡುಗ, ಈವಾ ಕಾರ್ಮೈಕಲ್ ಎಂಬ ಐರಿಷ್ ಹುಡುಗಿ. ನಾನು ಶುರು ಮಾಡಿದ್ದು ಇಲ್ಲಿಂದ.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ ಬಹಳಷ್ಟು ಹಳೆಯ ಪತ್ರಿಕೆಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಸುಮ್ನೆ ಹಡಗಿನ ಹೆಸರು ಕೊಟ್ಟು ಹುಡುಕಿದರೆ ಅರ್ಧ ಸಿಗುವುದಿಲ್ಲ. ಪುಟದ ಚಿತ್ರದಿಂದ ಅಕ್ಷರ ಓದುವುದು ಕಂಪ್ಯೂಟರು. ಮಾಸಿದ ಶಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಅದಕ್ಕೆ ಎಲ್ ಮತ್ತು ಐ ಆಗಿ ಕಾಣುತ್ತದೆ, ಇ ಹೋಗಿ ಸಿ ಆಗುತ್ತದೆ. ಹಾಗಾಗಿ ತಪ್ಪು ಕಾಗುಣಿತ ಕೊಟ್ಟೂ ಹುಡುಕಬೇಕು. ಹಡಗಿನ ಹೆಸರಿನಿಂದ ಸಿಗದಿದ್ದರೆ ಕ್ಯಾಪ್ಟನ್ ಹೆಸರು, ಅದೂ ಆಗದಿದ್ದರೆ ಒಡೆದ ಜಾಗದ ಹೆಸರು. ಸಿಕ್ಕಿದ ಲೇಖನದ ತಪ್ಪು ಸಾಲುಗಳನ್ನು ನಾವೇ ತಿದ್ದಿ ಉಳಿಸಬಹುದು. ನಾನು ಓದಿದ್ದನ್ನೆಲ್ಲ ತಿದ್ದಿಯೇ ಮುಂದೆ ಹೋಗುತ್ತೇನೆ. ಮುಂದೆ ಹುಡುಕುವವರಿಗೆ ಅದು ನೇರವಾಗಿ ಸಿಗುತ್ತದೆ, ಅಲ್ವಾ?

ಇನ್ನೊಂದು ತೊಡಕು, ಒಂದೇ ಹೆಸರಿನ ಹಡಗುಗಳು ಬೇಕಾದಷ್ಟಿವೆ. 1855ರಿಂದ ಈಚೆಗಿನ ಬ್ರಿಟಿಷ್ ಹಡಗಾದರೆ ಇದಕ್ಕೆ ದಾರಿ ಇದೆ. ಆಗಿನಿಂದ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಕೊಟ್ಟು, ಅದನ್ನು ಮುಖ್ಯ ತೊಲೆಯ ಮೇಲೆ ಕೆತ್ತುತ್ತಿದ್ದರು. ಮಾಲೀಕ ಬದಲಾಗಲಿ, ಹೆಸರೇ ಬದಲಾಗಲಿ, ಆ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಅದಕ್ಕೂ ಹಿಂದಿನ ಹಡಗಾದರೆ ಹಡಗುಗಳ ವಿವರ ಪಟ್ಟಿ ಮಾಡಿದ ಲಾಯ್ಡ್ಸ್ ರಿಜಿಸ್ಟರ್ ತೆಗೆದು ಕ್ಯಾಪ್ಟನ್, ಟನ್ನು, ಕಟ್ಟಿದ ಊರು ಮೂರನ್ನೂ ಕೂಡಿಸಿ ನೋಡುತ್ತೇನೆ.

ಇವೆಲ್ಲ ಹುಡುಕುವ ಮಾತಾಯಿತು. ನಿಜವಾದ ಕೆಲಸ ಓದುವುದರಲ್ಲಿದೆ. ನಾನು ಕಲಿತದ್ದು ಇಷ್ಟು: ಸುದ್ದಿಯನ್ನು ತಾರೀಖಿನ ಸಾಲಿನಲ್ಲೇ ಓದಬೇಕು. ಪ್ರತಿ ಮಾತಿನ ಪಕ್ಕದಲ್ಲೂ ಇದನ್ನು ಯಾರು ಕಂಡರು, ಯಾರು ಬರೀ ಕೇಳಿದರು ಅಂತ ಗುರುತು ಹಾಕಬೇಕು. ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಹಡಗಿಗೂ ಈ ಎರಡು ಕಾಲಂ ಇದ್ದೇ ಇರುತ್ತವೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ ನಮ್ಮಲ್ಲಿ. ಇಲ್ಲಂತೂ ಪ್ರತ್ಯಕ್ಷ ಕಂಡವರೇ ಕಡಿಮೆ.

ಲಾಕ್ ಆರ್ಡ್‌ನಲ್ಲಿ ಇದು ಎದ್ದು ಕಾಣುತ್ತದೆ. ಮಂಜು ಕವಿದಿತ್ತು. ಕ್ಯಾಪ್ಟನ್ ಗಿಬ್ ಕೇಪ್ ಆಟ್ವೇ ದೀಪಸ್ತಂಭದ ಬೆಳಕಿಗಾಗಿ ಕಾಯುತ್ತಿದ್ದ. ಮಂಜು ಸರಿದಾಗ ಎದುರಿಗೆ ಕಂಡದ್ದು ಕಡಿದಾದ ಬಂಡೆಗೋಡೆ. ಲಂಗರು ಬಿಟ್ಟರೂ ಅದು ಹಿಡಿದು ನಿಲ್ಲಲಿಲ್ಲ. ಈ ವಿವರ ಎಲ್ಲಿಂದ ಬಂತು? ಬದುಕಿದ ಇಬ್ಬರಲ್ಲಿ ಹಡಗಿನ ಕೆಲಸ ಬಲ್ಲವನು ಟಾಮ್ ಒಬ್ಬನೇ. ಕ್ಯಾಪ್ಟನ್, ಅವನ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳು ಎಲ್ಲರೂ ಹೋದರು. ಅಂದರೆ ಆ ರಾತ್ರಿ ಹಡಗು ನಡೆಸಿದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ನಿಂತಿರುವುದು ಹದಿಹರೆಯದ ಒಬ್ಬ ಅಪ್ರೆಂಟಿಸ್‌ನ ಮಾತಿನ ಮೇಲೆ. ಅವನು ಸುಳ್ಳು ಹೇಳಿದ ಅನ್ನುತ್ತಿಲ್ಲ. ಕ್ಯಾಪ್ಟನ್ ಮನಸ್ಸಿನಲ್ಲಿದ್ದ ಲೆಕ್ಕ ಅವನಿಗೆ ಎಷ್ಟು ಗೊತ್ತಿದ್ದೀತು ಅನ್ನುವುದಷ್ಟೇ ನನ್ನ ಪ್ರಶ್ನೆ. ಅದಕ್ಕೇ ಗಿಬ್ ತಪ್ಪು ಮಾಡಿದ ಅಂತ ತೀರ್ಪು ಕೊಡುವ ಲೇಖನಗಳನ್ನು ನಾನು ಕೇಳಿದವರ ಕಾಲಂನಲ್ಲೇ ಇಡುತ್ತೇನೆ.

ಆ ಹುಡುಗ ಮಾಡಿದ್ದು ಮಾತ್ರ ಸಂಶಯವಿಲ್ಲದ ಸಂಗತಿ. ಬೋರಲು ಬಿದ್ದ ದೋಣಿಯ ಆಸರೆಯಲ್ಲಿ ಕಮರಿಯೊಳಕ್ಕೆ ತೇಲಿ ಬಂದ. ದಡ ಸೇರಿದ ಮೇಲೆ ಈವಾಳ ಕೂಗು ಕೇಳಿ ಮತ್ತೆ ಆ ತಣ್ಣನೆಯ ನೀರಿಗೆ ಇಳಿದ. ಅವಳನ್ನು ಎಳೆದು ತಂದು ಗುಹೆಯಲ್ಲಿ ಮಲಗಿಸಿ, ತೇಲಿ ಬಂದಿದ್ದ ಬ್ರಾಂದಿ ಕುಡಿಸಿ, ಕಡಿದಾದ ಗೋಡೆ ಹತ್ತಿ ಹೋಗಿ ಗ್ಲೆನ್ಯಾಂಪಲ್ ಎಸ್ಟೇಟಿನ ಆಳುಗಳನ್ನು ಕಂಡ. ಮುಂದಿನ ದಿನಗಳಲ್ಲಿ ಇಬ್ಬರಿಗೂ ಮದುವೆ ಮಾಡಿಸುವ ಉಮೇದು ಜನರಿಗೂ ಪತ್ರಿಕೆಗಳಿಗೂ ಹುಟ್ಟಿತು. ಓದುವಾಗ ನನಗೆ ಬೇಸರವಾಯಿತು. ಆ ಹುಡುಗಿ ತಂದೆ, ತಾಯಿ, ಐವರು ಒಡಹುಟ್ಟಿದವರನ್ನು ಒಂದೇ ಬೆಳಗಿನಲ್ಲಿ ಕಳೆದುಕೊಂಡಿದ್ದಳು. ಮದುವೆ ನಡೆಯಲಿಲ್ಲ, ಅವಳು ಐರ್ಲೆಂಡಿಗೆ ಮರಳಿದಳು.

ಇದಕ್ಕೆ ಜೊತೆಯಾಗಿ ಓದಲೇಬೇಕಾದ ಹಡಗು ಕ್ಯಾಟರಾಕ್ವಿ. ಲಿವರ್‌ಪೂಲ್‌ನಿಂದ ವಲಸೆಗಾರರನ್ನು ತುಂಬಿಕೊಂಡು ಬಂದ ಹಾಯಿಹಡಗು. 1845ರ ಆಗಸ್ಟ್ 4ರ ಬೆಳಗಿನ ಜಾವ, ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಗೂ ಟಾಸ್ಮೇನಿಯಾಕ್ಕೂ ನಡುವಿನ ಕಿಂಗ್ ದ್ವೀಪದ ಬಂಡೆಗೆ ಸಿಕ್ಕಿ ಸುಮಾರು 400 ಜನ ಸತ್ತರು, ಬದುಕಿದವರು ಒಂಬತ್ತೇ ಜನ. ಅವರಲ್ಲಿ ವಲಸೆಗಾರ ಸಾಲೊಮನ್ ಬ್ರೌನ್ ಒಬ್ಬನೇ. ದಿನಗಟ್ಟಲೆ ಮೋಡ ಕವಿದು ಸೂರ್ಯ ಕಾಣದೆ, ಹಡಗು ಎಲ್ಲಿದೆ ಅಂತ ಅಳೆಯಲು ಆಗಿರಲಿಲ್ಲ. ಸಂಜೆ ಹಡಗು ನಿಲ್ಲಿಸಿಕೊಂಡಿದ್ದ ಕ್ಯಾಪ್ಟನ್ ಫಿನ್ಲೆ, ದ್ವೀಪ ಇನ್ನೂ 60-70 ಮೈಲಿ ದೂರವಿದೆ ಅಂದುಕೊಂಡು ಬೆಳಗಿನ ಜಾವ ಮತ್ತೆ ಹೊರಟ. ದ್ವೀಪ ಹತ್ತಿರದಲ್ಲೇ ಇತ್ತು. ಫಿನ್ಲೆ ಉಳಿಯಲಿಲ್ಲ, ಬದುಕಿ ಬಂದ ಅಧಿಕಾರಿ ಚೀಫ್ ಮೇಟ್ ಗತ್ರಿ ಒಬ್ಬನೇ.

ಬದುಕಿದವರು ಅದೇ ದ್ವೀಪದಲ್ಲಿ ಸಿಕ್ಕಿಕೊಂಡರು. ಮೆಲ್ಬರ್ನ್‌ಗೆ ಸುದ್ದಿ ಮುಟ್ಟಿದ್ದು ಸೆಪ್ಟೆಂಬರ್ 13ಕ್ಕೆ, ನಲವತ್ತು ದಿನ ಕಳೆದ ಮೇಲೆ. ಅಷ್ಟೂ ದಿನ ಊರಿನ ಪತ್ರಿಕೆಗಳ ಹಡಗು ಕಾಲಂನಲ್ಲಿ ಬೇರೆ ಹಡಗುಗಳು ಬಂದವು, ಹೋದವು. ನಾನು ಆ ವಾರಗಳ ಸಂಚಿಕೆಗಳನ್ನು ಬೇಕಂತಲೇ ಒಂದೊಂದಾಗಿ ತಿರುವಿ ಓದಿದೆ. 1878ರ ಹೊತ್ತಿಗೆ ತಂತಿ ಬಂದಿತ್ತು. ಶನಿವಾರ ಲಾಕ್ ಆರ್ಡ್ ಒಡೆಯಿತು, ಸೋಮವಾರ ಮೆಲ್ಬರ್ನ್ ಓದುತ್ತಿತ್ತು. ತಂತಿಯ ಸುದ್ದಿಯನ್ನೇ ಜಾಸ್ತಿ ಎಚ್ಚರದಿಂದ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಗತ್ರಿ ಮೆಲ್ಬರ್ನ್ ಮುಟ್ಟುವಾಗ ಎಲ್ಲವನ್ನೂ ನೆನೆದು ಕೂಡಿಸಿಕೊಳ್ಳಲು ಅವನಿಗೆ ಸಮಯವಿತ್ತು. ತಂತಿ ಕಳಿಸುವವರಿಗೆ ಆ ಸಮಯ ಎಲ್ಲಿ?

ಕ್ಯಾಟರಾಕ್ವಿಯಲ್ಲಿ ಸತ್ತವರ ಸಂಖ್ಯೆಯನ್ನು ಸುಮಾರು ಅಂತಲೇ ಬರೆದೆ. ಬೇರೆ ಬೇರೆ ಕಡೆ ಬೇರೆ ಬೇರೆ ಲೆಕ್ಕ ಇದೆ. ವಲಸೆ ಹಡಗುಗಳಲ್ಲಿ ದಾರಿಯಲ್ಲಿ ಮಕ್ಕಳು ಹುಟ್ಟುತ್ತಿದ್ದವು, ಕಾಯಿಲೆಯಿಂದ ಸಾಯುತ್ತಲೂ ಇದ್ದವು. ಹೊರಡುವಾಗಿನ ಪಟ್ಟಿಗೂ ಮುಳುಗುವಾಗ ಇದ್ದವರಿಗೂ ತಾಳೆಯಾಗುವುದು ಅಪರೂಪ.

ಖಲಾಸಿಗಳ ಹೆಸರು ಬೇಕಾದರೆ ಸಿಬ್ಬಂದಿ ಪಟ್ಟಿ ನೋಡಬೇಕು. 1863ರ ನಂತರದ ಬ್ರಿಟಿಷ್ ಹಡಗುಗಳ ಪಟ್ಟಿಗಳಲ್ಲಿ ಬಹುಪಾಲು ಇರುವುದು ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ, ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ. 5ರಿಂದ ಕೊನೆಯಾಗುವ ವರ್ಷಗಳದ್ದು ಮಾತ್ರ ಗ್ರೀನಿಚ್‌ನ ಮ್ಯೂಸಿಯಮ್ಮಿನಲ್ಲಿ. ಇದು ಗೊತ್ತಿಲ್ಲದೆ ಲಂಡನ್ನಿನಲ್ಲೇ ಹುಡುಕುತ್ತಾ ಕೂರುವವರು ಬಹಳ.

ನಮ್ಮ ದೇಶದ ಕಡೆಯ ಒಂದು ಹಡಗನ್ನೂ ಇದೇ ಕ್ರಮದಲ್ಲಿ ಓದಲು ಹಿಡಿದಿದ್ದೇನೆ. ವೈತರಣಾ, 1888ರ ನವೆಂಬರ್. ಕಛ್‌ನ ಮಾಂಡವಿಯಿಂದ ಮುಂಬೈಗೆ ಹೊರಟ ಸ್ಟೀಮರ್ ಸೌರಾಷ್ಟ್ರ ಕರಾವಳಿಯಾಚೆ ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. ವಿದ್ಯುತ್ ದೀಪಗಳಿದ್ದವು ಅಂತ ಜನ ಅದನ್ನು ವಿಜಳಿ ಎಂದು ಕರೆಯುತ್ತಿದ್ದರು. ಮದುವೆ ದಿಬ್ಬಣದವರು, ಮೆಟ್ರಿಕ್ ಪರೀಕ್ಷೆಗೆ ಹೊರಟ ಹುಡುಗರು ಎಲ್ಲ ಅದರಲ್ಲಿದ್ದರು. ಒಬ್ಬರೂ ಉಳಿಯಲಿಲ್ಲ. ಸತ್ತವರು ಎಷ್ಟು ಅನ್ನುವುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅದರ ಪುಟದಲ್ಲಿ ಕಂಡವರ ಕಾಲಂಗೆ ಬರುವುದು ದಡದಿಂದ, ಬೇರೆ ಹಡಗಿನಿಂದ ದೂರದಲ್ಲಿ ನೋಡಿದವರ ಮಾತು ಮಾತ್ರ. ಕೊನೆಯ ಗಳಿಗೆಗೆ ಸಾಕ್ಷಿಯೇ ಇಲ್ಲ. ಹಾಗಾಗಿ ಇಲ್ಲಿ ಕೆಲಸ ತಿರುವುಮುರುವು. ಮುಳುಗಿದ ರಾತ್ರಿಯನ್ನು ಬಿಟ್ಟು, ಅದು ಬಂದರು ಬಿಟ್ಟ ಹೊತ್ತು, ಆ ದಿನದ ಹವಾಮಾನ, ಆಮೇಲೆ ನಡೆದ ವಿಚಾರಣೆ, ಇವುಗಳಿಂದಲೇ ಶುರು ಮಾಡಿದ್ದೇನೆ.