ಅಣ್ಣ ರಜೆ ಹಾಕಿದ ಹತ್ತು ದಿನ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಮೆಷಿನ್ ಶಾಪ್‌ಗೆ ಕ್ವಾಲಿಟಿ ನೋಡಿಕೊಳ್ಳಲು ಸೇರಿದೆ. ಪಂಪಿನ ಶಾಫ್ಟ್ ಮಾಡುತ್ತಿದ್ದರು. ಸಂಬಳ ಒಂದನೇ ತಾರೀಖಿಗೇ ಬರುತ್ತಿತ್ತು. ಗ್ರಾಹಕರ ದೂರು ವರ್ಷಕ್ಕೆ ಒಂದೋ ಎರಡೋ. ಮಾಲೀಕರು ಮಾತ್ರ ‘ನಾವು ಇನ್ನೂ ಮೇಲಕ್ಕೆ ಹೋಗಬೇಕು’ ಎನ್ನುತ್ತಿದ್ದರು. ಎಲ್ಲಿಂದ ಶುರು ಮಾಡಬೇಕೋ ನನಗೆ ತಿಳಿಯಲಿಲ್ಲ. ಕೆಟ್ಟ ಕಂಪನಿಯಾಗಿದ್ದರೆ ನೋವಿರುವ ಜಾಗ ತಾನಾಗೇ ಕಾಣುತ್ತಿತ್ತು, ಅಲ್ವಾ?

ಕಂಡಿದ್ದು ಒಂದು ಮದುವೆಯಿಂದ. ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬ ಹಿರಿಯರಿದ್ದರು, ಎಲ್ಲರಿಗೂ ‘ಅಣ್ಣ’. ಮಗಳ ಮದುವೆಗೆ ಹತ್ತು ದಿನ ರಜೆ ಹಾಕಿ ಮದ್ದೂರಿಗೆ ಹೋದರು. ಅವರ ಜಾಗದಲ್ಲಿ ಕೂತ ಹುಡುಗ ನೂರಕ್ಕೆ ಐದು ಪೀಸ್ ಅಳೆದು ಬಿಟ್ಟ. ಲಾಟ್ ಪೂರ್ತಿ ವಾಪಸ್ ಬಂತು. ಅಣ್ಣ ಒಂದೊಂದು ಪೀಸನ್ನೂ ಅಳೆಯುತ್ತಿದ್ದರಂತೆ. ಕೆಟ್ಟದ್ದು ಸುಮ್ನೆ ಕೆಂಪು ಡಬ್ಬಿಗೆ ಹೋಗುತ್ತಿತ್ತು, ಲೆಕ್ಕ ಯಾರೂ ಇಟ್ಟಿರಲಿಲ್ಲ. ಇಷ್ಟು ವರ್ಷ ನಮ್ಮ ಹೆಸರು ಉಳಿಸಿದ್ದು ಅವರ ಕಣ್ಣು.

ಅಣ್ಣ ಬಂದಮೇಲೆ ಒಂದು ನೋಟ್‌ಬುಕ್ ಕೊಟ್ಟೆ. ಡಬ್ಬಿಗೆ ಹಾಕುವ ಪೀಸ್ ಯಾವ ಮೆಷಿನ್‌ದು, ಎಷ್ಟು ಗಂಟೆಗೆ ಮಾಡಿದ್ದು, ಏನು ತಪ್ಪು, ಬರೀರಿ ಅಂದೆ.

“ಈಗ ನನ್ನ ಲೆಕ್ಕ ಕೇಳ್ತೀಯೇನಪ್ಪಾ?”

“ನಿಮ್ಮದಲ್ಲಣ್ಣ, ಮೆಷಿನ್‌ದು.”

ಎರಡು ದಿನ ಮಾತಾಡಲಿಲ್ಲ. ಆಮೇಲೆ ಬರೆದರು, ಮುತ್ತಿನಂಥ ಅಕ್ಷರದಲ್ಲಿ.

ಮೂರು ವಾರದ ಪುಟ ನೋಡಿದರೆ ಬಹುಪಾಲು ಒಂದೇ ತಪ್ಪು: ಸೈಜ್ ಕಡಿಮೆ. ಅದೂ ಮಧ್ಯಾಹ್ನ ಮೂರರಿಂದ ನಾಲ್ಕರ ಒಳಗೆ. ಮೆಷಿನ್ ಪಕ್ಕ ನಿಂತು ನೋಡಿದೆ. ಮೆಷಿನ್ ನಡೆಸುವ ಹುಡುಗರು ಪೀಸ್ ಹೊರಗೆ ತೆಗೆದ ತಕ್ಷಣ ಅಳೆಯುತ್ತಿದ್ದರು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರುವಾಗಲೇ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರ್‌ಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ನಮ್ಮ ಶಾಫ್ಟ್ 60 ಮಿಲಿಮೀಟರ್ ದಪ್ಪ. 25 ಡಿಗ್ರಿ ಜಾಸ್ತಿ ಇದ್ದರೆ 18 ಮೈಕ್ರಾನ್ ದಪ್ಪ ತೋರಿಸುತ್ತದೆ. ನಮಗಿದ್ದ ಟಾಲರೆನ್ಸ್, ಅಂದರೆ ಸೈಜ್ ಹೆಚ್ಚುಕಡಿಮೆಯಾಗಲು ಇದ್ದ ಅವಕಾಶ, ಬರೀ 30 ಮೈಕ್ರಾನ್. ಬಿಸಿಯಲ್ಲಿ ಸರಿಯಿದ್ದ ಪೀಸ್ ಅಣ್ಣನ ಟೇಬಲ್‌ಗೆ ಬರುವಷ್ಟರಲ್ಲಿ ತಣ್ಣಗಾಗಿ ಕುಗ್ಗಿರುತ್ತಿತ್ತು. ಅಳತೆಗೆ ಪ್ರಪಂಚದಲ್ಲೆಲ್ಲ 20 ಡಿಗ್ರಿಯೇ ಲೆಕ್ಕ. ಏಪ್ರಿಲ್‌ನಲ್ಲಿ ಶೀಟ್ ಮನೆಯೊಳಗೆ 20 ಡಿಗ್ರಿ ಎಲ್ಲಿಂದ ತರೋಣ? ತರಬೇಕಾಗಿಯೂ ಇಲ್ಲ. ಪೀಸೂ ಅದನ್ನು ಅಳೆಯುವ ಸಾಧನ ಮೈಕ್ರೋಮೀಟರೂ ಉಕ್ಕಿನವೇ, ಎರಡೂ ಒಂದೇ ಬಿಸಿಯಲ್ಲಿದ್ದರೆ ಅಷ್ಟೇ ಸಾಕು.

ಹಾಗಾದರೆ ಬೆಳಗ್ಗೆ ಯಾಕೆ ತಪ್ಪಿಲ್ಲ? ಆಗ ಹುಡುಗರು ಪೀಸ್ ಆರಲು ಬಿಡುತ್ತಿದ್ದರು. ಮಧ್ಯಾಹ್ನ ಬಿಡುತ್ತಿರಲಿಲ್ಲ, ಏಕೆಂದರೆ ನಾಲ್ಕಕ್ಕೆ ಇನ್ಸೆಂಟಿವ್ ಲೆಕ್ಕ. ಎಷ್ಟು ಪೀಸ್ ಆಯಿತೋ ಅಷ್ಟು ದುಡ್ಡು. ತಪ್ಪು ಆಪರೇಟರ್‌ದಲ್ಲ, ನಾವು ಮಾಡಿದ ನಿಯಮದ್ದು. ಆರಿದ ಮೇಲೆ ಪಾಸಾದ ಪೀಸಿಗೆ ಮಾತ್ರ ಇನ್ಸೆಂಟಿವ್ ಕೊಡೋಣ, ದರ ಸ್ವಲ್ಪ ಏರಿಸೋಣ ಅಂದೆ. ಮಾಲೀಕರು ಎರಡು ವಾರ ಒಪ್ಪಲಿಲ್ಲ. ಹೊಸ ಮೆಷಿನ್ ಕೇಳಿದ್ದರೆ ಬೇಗ ಒಪ್ಪುತ್ತಿದ್ದರೇನೋ. ಕೊನೆಗೆ ಕೆಂಪು ಡಬ್ಬಿಯನ್ನೇ ಅವರ ಮೇಜಿನ ಮೇಲೆ ಇಟ್ಟು, ಒಳಗಿದ್ದ ಉಕ್ಕಿನ ಬೆಲೆ ಹೇಳಿದೆ.

ಪೀಸ್ ತಣ್ಣಗಾಗಲು ಒಂದು ಟೇಬಲ್, ಪಕ್ಕದಲ್ಲಿ ಹೋಲಿಸಿ ನೋಡಲು ಸರಿಯಾದ ಅಳತೆಯ ಒಂದು ಮಾಸ್ಟರ್ ಪೀಸ್, ಇಷ್ಟೇ ಖರ್ಚು. ಅಳೆಯುವುದನ್ನು ಹುಡುಗರಿಗೆ ಕಲಿಸಿದ್ದು ಅಣ್ಣನೇ.

ಮರುವರ್ಷ ಮೊಮ್ಮಗನ ನಾಮಕರಣಕ್ಕೆ ಅವರು ಮತ್ತೆ ಊರಿಗೆ ಹೋದರು. ದಿನಕ್ಕೆ ಎರಡು ಸಲ ಫೋನ್.

“ಏನಾದ್ರೂ ವಾಪಸ್ ಬಂತೇನಪ್ಪಾ?”

“ಇಲ್ಲಣ್ಣ.”

“ಒಂದೂ ಇಲ್ವಾ?” ಅಂದರು. ಧ್ವನಿಯಲ್ಲಿ ಸ್ವಲ್ಪ ಬೇಜಾರಿತ್ತು.