ನನ್ನ ಕುದುರೆಯ ಚಳಿಗಾಲದ ಕ್ಷೌರ

"ಈ ಚಳೀಲಿ ಕುದುರೆಗೆ ಕ್ಷೌರ ಮಾಡ್ತೀಯಾ? ಮೂಕ ಪ್ರಾಣಿ ಕಣೇ ಅದು!" ಹಾಸನದಿಂದ ಅಮ್ಮ ಫೋನಿನಲ್ಲೇ ಬೈದಿದ್ದರು. ನಾನಿರುವುದು ಕೆನಡಾದ ಕ್ಯಾಲ್ಗರಿ ಹತ್ತಿರ. ಜನವರಿಯಲ್ಲಿ ಮೈನಸ್ 30 ಇಲ್ಲಿ ದೊಡ್ಡ ಸುದ್ದಿಯೇನಲ್ಲ. ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಯಾವ ಅರ್ಧ ಅಂತ ಗೊತ್ತಾಗಲು ನನಗೆ ಎರಡು ಚಳಿಗಾಲ ಹಿಡಿಯಿತು.

ನಮ್ಮ ರೂಬಿಗೆ 14 ವರ್ಷ. ಬಿಸಿಲು ಇನ್ನೂ ಚೆನ್ನಾಗಿರುವಾಗಲೇ ಅವಳ ಮೈಕೂದಲು ದಟ್ಟವಾಗತೊಡಗುತ್ತದೆ. ಚಳಿ ನೋಡಿ ಅಲ್ಲ, ಹಗಲು ಚಿಕ್ಕದಾಗುವುದನ್ನು ನೋಡಿ. ಥಂಡಿಯಾದಾಗ ಆ ಕೂದಲು ನಿಮಿರಿ ನಿಲ್ಲುತ್ತದೆ, ನಡುವೆ ಗಾಳಿ ಸಿಕ್ಕಿಕೊಂಡು ಮೈ ಬೆಚ್ಚಗಿರುತ್ತದೆ. ಒದ್ದೆಯಾದರೆ ಮಾತ್ರ ಎಲ್ಲ ಮೈಗಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ.

ಮೊದಲ ವರ್ಷ ವಾರಕ್ಕೆ ನಾಲ್ಕು ದಿನ ಒಳಾಂಗಣದಲ್ಲಿ ಸವಾರಿ ಮಾಡುತ್ತಿದ್ದೆ. ರೂಬಿ ಬೆವರುತ್ತಿದ್ದಳು. ಲಾಯದಲ್ಲಿ ಯಾರೋ ಹೇಳಿದರು ಅಂತ ಪೂರ್ತಿ ಮೈ ಕ್ಲಿಪ್ ಮಾಡಿ, ಅಂದರೆ ಯಂತ್ರದಲ್ಲಿ ಕೂದಲು ಕತ್ತರಿಸಿ, ತುಂಬಾ ದಪ್ಪನೆಯ ಕಂಬಳಿ ಹೊದಿಸಿದೆ. ಇಲ್ಲಿ ಚಿನೂಕ್ ಅಂತ ಒಂದು ಬಿಸಿಗಾಳಿ ಇದೆ, ರಾಕಿ ಪರ್ವತ ಇಳಿದು ಬರುತ್ತದೆ. ಬೆಳಿಗ್ಗೆ ಮೈನಸ್ 18 ಇದ್ದದ್ದು ಮಧ್ಯಾಹ್ನ ಪ್ಲಸ್ 5! ಆಫೀಸಿನಲ್ಲಿ ಕೂತವಳು ಕಂಬಳಿ ಬದಲಿಸೋದು ಹೇಗೆ? ಸಂಜೆ ಹೋಗಿ ಕೈ ಹಾಕಿದರೆ ಕಂಬಳಿಯೊಳಗೆ ಬೆವರು. ಫೆಬ್ರವರಿ ಹೊತ್ತಿಗೆ ಕಂಬಳಿ ಉಜ್ಜಿ ಉಜ್ಜಿ ಭುಜದ ಕೂದಲೂ ಹೋಗಿತ್ತು, ಮೈಯೂ ಇಳಿದಿತ್ತು.

ಎರಡನೇ ವರ್ಷ ಸಿಟ್ಟಿನಲ್ಲಿ ಕ್ಲಿಪ್ಪರ್ ಮುಟ್ಟಲೇ ಇಲ್ಲ. ಸವಾರಿ ಮಾತ್ರ ಅಷ್ಟೇ ಇತ್ತು. ಒಂದು ರಾತ್ರಿ ಮೇಲೆ ಸವರಿ ನೋಡಿ, ಒಣಗಿದೆ ಅಂದುಕೊಂಡು ಹೊರಗೆ ಬಿಟ್ಟೆ. ಬೆಳಿಗ್ಗೆ ಎದೆಯ ಕೂದಲು ಹಿಮಗಟ್ಟಿ ಪೊರಕೆ ಕಡ್ಡಿ ಥರ ಸೆಟೆದಿತ್ತು. ಬುಡದಲ್ಲಿ ಒದ್ದೆ ಇತ್ತು, ನನ್ನ ಕೈ ಅಲ್ಲಿಗೆ ಹೋಗಿರಲೇ ಇಲ್ಲ. ಆವತ್ತಿನಿಂದ ಥರ್ಮಾಮೀಟರ್ ಬಿಟ್ಟು ಗಡಿಯಾರ ನೋಡತೊಡಗಿದೆ. ಸವಾರಿ ಮುಗಿದ ಮೇಲೆ ಕೂದಲ ಬುಡದವರೆಗೆ ಬೆರಳು ತೂರಿಸಿ, ಒಣಗಲು ಎಷ್ಟು ಹೊತ್ತು ಅಂತ ಬರೆದಿಟ್ಟೆ. ಬೆವರು ಒಣಗಿಸಲೆಂದೇ ಇರುವ, ಕೂಲರ್ ಅನ್ನುವ ಉಣ್ಣೆಯಂಥ ಹೊದಿಕೆ ಹೊದಿಸಿದರೂ ಸುಮಾರು ಎರಡು ಗಂಟೆ. ಜಾಸ್ತಿ ಒದ್ದೆ ಇದ್ದದ್ದು ಎದೆ, ಕತ್ತಿನ ಕೆಳಭಾಗ.

ಹಾಗಾದರೆ ಅಷ್ಟನ್ನೇ ತೆಗೆದರೆ ಸಾಕಲ್ವಾ? ಮೂರನೇ ವರ್ಷ ನವೆಂಬರಿನಲ್ಲಿ ಅದನ್ನೇ ಮಾಡಿದೆ. ಇದಕ್ಕೆ ಬಿಬ್ ಕ್ಲಿಪ್ ಅನ್ನುತ್ತಾರೆ. ಮೊದಲು ಧೂಳೆಲ್ಲ ಹೋಗುವಂತೆ ಬ್ರಷ್ ಮಾಡಿದೆ, ಕೊಳೆ ಇದ್ದರೆ ಬ್ಲೇಡ್ ಬೇಗ ಮೊಂಡಾಗುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಓಡಿಸಿದೆ. ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡುತ್ತಿದ್ದೆ, ಬಿಸಿಯಾಗಿದ್ದರೆ ಎಣ್ಣೆ ಹಾಕಿ ನಿಲ್ಲಿಸುತ್ತಿದ್ದೆ. ಮುಂಗಾಲಿನ ಸಂದಿನಲ್ಲಿ ಚರ್ಮ ಮಡಿಕೆ ಮಡಿಕೆ. ಅಲ್ಲಿ ಗೆಳತಿ ಕಾಲನ್ನು ಮುಂದಕ್ಕೆ ಎಳೆದು ಹಿಡಿದಳು, ಚರ್ಮ ಬಿಗಿಯಾಯಿತು. ರೂಬಿಗೆ ಕಚಗುಳಿ, ನಮ್ಮಿಬ್ಬರಿಗೂ ಮೈತುಂಬ ಕೂದಲು. ಗೆರೆಯೇನೋ ಅಂಕುಡೊಂಕಾಯಿತು, ಆದರೆ ಒಣಗುವುದು ಮುಕ್ಕಾಲು ಗಂಟೆಗೆ ಇಳಿಯಿತು. ಬೆನ್ನು, ಹೊಟ್ಟೆ, ಕಾಲಿನ ಕೂದಲು ಹಾಗೇ ಇತ್ತು. ಮೈನಸ್ 20ರ ಹತ್ತಿರ ಹೋದಾಗ ಮಾತ್ರ ಕಂಬಳಿ, ಜೊತೆಗೆ ಹೆಚ್ಚಿಗೆ ಒಣಹುಲ್ಲು. ಹುಲ್ಲು ಕರುಳಿನಲ್ಲಿ ಹುಳಿಯುವಾಗ ಹುಟ್ಟುವ ಶಾಖ ಯಾವ ಕಂಬಳಿಗೂ ಕಡಿಮೆಯಲ್ಲ.

ಈ ವರ್ಷ ಕೆಲಸ ಜಾಸ್ತಿ, ವಾರಕ್ಕೊಂದು ನಿಧಾನದ ಸವಾರಿ ಅಷ್ಟೇ. ಬೆವರೇ ಇಲ್ಲ, ಕ್ಲಿಪ್ಪರ್ ಡಬ್ಬಿಯಲ್ಲೇ ಇದೆ. ನಿನ್ನೆ ಹಿಮ ಬೀಳುವಾಗ ಹೋಗಿದ್ದೆ. ರೂಬಿ ಹೊರಗೆ ಹುಲ್ಲು ತಿನ್ನುತ್ತಿದ್ದಳು, ಬೆನ್ನ ಮೇಲಿನ ಹಿಮ ಕರಗದೆ ಹಾಗೇ ಕೂತಿತ್ತು. ಒಳಗಿನ ಬಿಸಿ ಹೊರಗೆ ಸೋರದಿದ್ದರೆ ಹೀಗೇ ಇರುತ್ತದೆ. ಕೈಗವಸು ತೆಗೆದು ಕೂದಲೊಳಗೆ ಬೆರಳು ತೂರಿಸಿದೆ. ಬುಡ ಒಣಗಿತ್ತು, ಬೆಚ್ಚಗಿತ್ತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಹಿಮ ಒರೆಸೇ ಮೊದ್ಲು" ಅಂತ ಉತ್ತರ ಬಂತು.